ಹೋಗಿ ಬರುವ ಇಂಗ್ಲಿಷ್

ಬಹ್ರೇನಿನಲ್ಲಿ ನಾನು ಇಂಗ್ಲಿಷ್ ಮಾಸ್ಟ್ರಾಗಿದ್ದೆ ಎಂದರೆ ನನ್ನ ಹೆಂಡತಿಯೇ ನಗುತ್ತಾಳೆ. ಆದರೂ ಅದು ನಿಜ. ಎರಡು ಸಾವಿರದ ಹತ್ತರ ಆಸುಪಾಸು ನಾನು ಜುಫೈರಿನಲ್ಲಿದ್ದ ಪೆರು ದೇಶದ ಕುಟುಂಬವೊಂದಕ್ಕೆ ಡ್ರೈವರ್. ಅಜ್ಜಿಯ ಮಗ ಅಸ್ಕರ್ ಎಂಬ ಊರಿನ ಕಡೆಯ ಕಾರ್ಖಾನೆಯಲ್ಲಿ ಇಂಜಿನಿಯರ್, ಸೊಸೆಗೂ ಕೆಲಸ. ಒಂದನೇ ಕ್ಲಾಸಿನ ಮೊಮ್ಮಗಳನ್ನು ನೋಡಿಕೊಳ್ಳಲು ಅಜ್ಜಿ ಬಂದಿದ್ದರು. ಸ್ಪ್ಯಾನಿಷ್ ಬಿಟ್ಟರೆ ಅವರಿಗೆ ಬೇರೆ ಭಾಷೆ ಇಲ್ಲ.

ಶಾಲೆಯವರು ಮಗುವನ್ನು ಡ್ರೈವರನ ಕೈಗೆ ಕೊಡುತ್ತಿರಲಿಲ್ಲ. ಮನೆಯವರೇ ಒಳಗೆ ಹೋಗಿ, ತಾವು ಯಾರು, ಯಾವ ಕ್ಲಾಸಿನ ಮಗು ಎಂದು ಹೇಳಿ ಸಹಿ ಹಾಕಬೇಕು. ಮೊದಲ ದಿನ ಅಜ್ಜಿ ಮಾತು ಬಾರದೆ ನಿಂತುಬಿಟ್ಟರು. ಮಗ ಕೆಲಸ ಬಿಟ್ಟು ಓಡಿ ಬಂದ. ಮುಂದಿನ ತಿಂಗಳಿಂದ ಮಗು ಸ್ಕೂಲ್ ಬಸ್ಸಿನಲ್ಲೇ ಬರಲಿ, ಅಲ್ಲಿಯವರೆಗೆ ಹೆಂಡತಿ ಬಿಡುವು ಮಾಡಿಕೊಳ್ಳುತ್ತಾಳೆ ಎಂದು ನನಗೆ ಹೇಳಿದ. ಮೊಮ್ಮಗಳ ಕೈ ಹಿಡಿದು ಮನೆಗೆ ಕರೆತರಲೆಂದೇ ಅಷ್ಟು ದೂರದಿಂದ ಬಂದ ಅಜ್ಜಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಮರುದಿನ ತರಕಾರಿಗೆ ಹೊರಟಾಗ ನನ್ನ ಭುಜ ತಟ್ಟಿ, ತಮ್ಮ ಬಾಯಿ ತೋರಿಸಿ, "ಇಂಗ್ಲೆಸ್" ಎಂದರು. ನಾನು ಶಾಲೆ ಬಿಟ್ಟದ್ದು ಆರನೇ ಕ್ಲಾಸಿಗೆ. ನನ್ನ ಇಂಗ್ಲಿಷೆಲ್ಲ ಸ್ಟೇರಿಂಗ್ ಹಿಡಿದುಕೊಂಡೇ ಕಿವಿಯಿಂದ ದುಡಿದದ್ದು. ಆ ಆರನೇ ಕ್ಲಾಸಿನ ವಿಷಯವನ್ನು ದುಡಿಯುವ ಜಾಗದಲ್ಲಿ ಯಾರಿಗೂ ಹೇಳಿದವನಲ್ಲ. "ಓಕೆ ಮೇಡಂ" ಎಂದೆ.

"ಎಂಥ ಮಾಸ್ಟ್ರೇ, ಹಾಜರಿ ಪುಸ್ತಕ ಎಲ್ಲುಂಟು?" ಎಂದು, ಸನದ್ ಎಂಬಲ್ಲಿದ್ದ ನಮ್ಮ ರೂಮಿನಲ್ಲಿ ವಿಷಯ ತಿಳಿದ ಊರಿನ ಗೆಳೆಯ ಕೆಣಕಿದ. "ನಿನ್ನನ್ನು ಸೇರಿಸಿಕೊಳ್ಳುದಿಲ್ಲ, ನೀನು ಫೇಲು" ಎಂದೆ.

ಸಿಗ್ನಲ್ ಕೆಂಪಾದಾಗಲೆಲ್ಲ ಪಾಠ. ನಾನೊಂದು ಇಂಗ್ಲಿಷ್ ಮಾತು ಕೊಟ್ಟರೆ ಅವರೊಂದು ಸ್ಪ್ಯಾನಿಷ್ ಮಾತು ಕೊಡುತ್ತಿದ್ದರು. ಪುಕ್ಕಟೆ ಕಲಿಯುವುದು ಅವರಿಗೂ ಒಗ್ಗದು. ಬಲಕ್ಕೆ ದೆರೇಚಾ, ಎಡಕ್ಕೆ ಇಸ್ಕಿಯೆರ್ದಾ, ನಾನು ಜೋರು ಹೊಡೆದರೆ ನಿಧಾನ ಎನ್ನಲು ದೆಸ್ಪಾಸಿಯೊ. ಎಲ್ಲವನ್ನೂ ಕನ್ನಡದಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಅವರು ನನ್ನನ್ನು "ಮಾಯೆಸ್ತ್ರೊ" ಎನ್ನತೊಡಗಿದರು. ಹಾಗೆಂದರೆ ಮಾಸ್ಟ್ರು ಎಂದು ಮೊಮ್ಮಗಳು ತಿಳಿಸಿದ ಮೇಲೆ ನಾನು ಇಸ್ತ್ರಿ ಹಾಕದ ಶರ್ಟು ತೊಡಲಿಲ್ಲ.

ಒಂದು ಮಾತನ್ನು ಮಾತ್ರ ನನ್ನ ಮನೆಯಿಂದ ತಂದುಕೊಟ್ಟೆ. ನಮ್ಮಲ್ಲಿ ಹೊರಡುವಾಗ ಬರೀ ಹೋಗುತ್ತೇನೆ ಎಂದರೆ ನನ್ನ ತಾಯಿ, ಉಮ್ಮ, ಬಾಗಿಲಿನಿಂದ ವಾಪಸು ಕರೆದು ಕೂರಿಸುತ್ತಿದ್ದರು. ಹೋಗಿ ಬರುತ್ತೇನೆ ಎನ್ನಬೇಕು. ಬೈ ಎನ್ನುವುದು ಅವಸರದವರ ಮಾತು, ಮರ್ಯಾದೆಯದು ಇದು ಎಂದು ಮೊಮ್ಮಗಳಿಂದ ಹೇಳಿಸಿ "ಐ ಗೋ ಆ್ಯಂಡ್ ಕಮ್" ಕಲಿಸಿದೆ. ಅಜ್ಜಿಗೆ ಬಹಳ ಹಿಡಿಸಿತು.

ತಿಂಗಳು ಮುಗಿಯಲು ಎರಡು ದಿನ ಇರುವಾಗ, ಸೊಸೆಯನ್ನು ಒಪ್ಪಿಸಿ ಅಜ್ಜಿ ಒಬ್ಬರೇ ಶಾಲೆಯೊಳಗೆ ಹೋದರು. ನಾನು ಗಾಜಿನ ಬಾಗಿಲ ಬಳಿ ನಿಂತೆ. "ಐ ಆಮ್ ಗ್ರ್ಯಾಂಡ್‌ಮದರ್. ಕ್ಲಾಸ್ ಒನ್" ಎಂದದ್ದು ಹೊರಗಿನವರೆಗೂ ಕೇಳಿಸಿತು. ಸಹಿಯಾಯಿತು, ಮಗು ಬಂತು. ಹೊರಡುವಾಗ ಅಜ್ಜಿ ತಲೆಯೆತ್ತಿ, "ಐ ಗೋ ಆ್ಯಂಡ್ ಕಮ್" ಎಂದರು.

ಮೇಜಿನ ಹಿಂದಿನ ಹೆಂಗಸು ಪೆನ್ನು ಕೆಳಗಿಟ್ಟರು. ಮಗುವನ್ನು ಮತ್ತೆ ಕರೆತರುತ್ತೀರಾ, ಹಾಗಾದರೆ ಬೇರೆ ಚೀಟಿ ಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಜ್ಜಿ ಮತ್ತೆ ಅದನ್ನೇ ಹೇಳಿದರು. ಆ ಹೆಂಗಸಿನ ಕೈ ಫೋನಿನತ್ತ ಹೋಯಿತು. ಡ್ರೈವರುಗಳು ಒಳಗೆ ಬರಬಾರದು, ನಾನು ಬಂದೆ.

"ಮೇಡಂ, ನೋ ಕಮ್ ಟುಡೇ. ದಿಸ್ ಈಸ್ ರೆಸ್ಪೆಕ್ಟ್" ಎಂದೆ.

ಅವರು ನನ್ನನ್ನು ದಿಟ್ಟಿಸಿ, ಕನ್ನಡಕ್ಕೆ ತಿರುಗಿದರು. "ಮಂಗಳೂರು ಕಡೆಯವರಾ ನೀವು?"

"ಹೌದು ಮೇಡಂ."

"ಹಾಗೆ ಹೇಳಿ ಮತ್ತೆ. ಹೋಗಿ ಬರ್ತೇನೆ ಅಂತ ಕಲ್ಸಿದ್ದಲ್ವಾ?" ಅವರು ನಗು ತಡೆದುಕೊಂಡರು. "ಊರಲ್ಲಿ ಟೀಚರಾಗಿದ್ರಾ?"

ಹೌದು ಎಂದಿದ್ದರೆ ನಡೆಯುತ್ತಿತ್ತು. "ಇಲ್ಲ. ಆರನೇ ಕ್ಲಾಸಿಗೆ ಬಿಟ್ಟದ್ದು" ಎಂದೆ.

"ಬೈ ಅಂದ್ರೆ ಸಾಕು ಅಂತ ಹೇಳಿ. ಉಳಿದದ್ದೆಲ್ಲ ಸರಿ ಉಂಟು. ನಾಳೆಯಿಂದ ಇವರೇ ಬರ್ಲಿ."

ಕಾರಿನಲ್ಲಿ ಆ ತಿದ್ದುಪಡಿಯನ್ನು ಹೇಳಿದೆ. ಅಜ್ಜಿ ಕೈ ಬೀಸಿ ಬೇಡವೆಂದರು. ಮೊಮ್ಮಗಳ ಕೈ ಅವರ ಮಡಿಲಲ್ಲೇ ಇತ್ತು. ಮನೆಯ ತಿರುವಿನಲ್ಲಿ ನಾನು ಎಡಕ್ಕೆ ಇಂಡಿಕೇಟರ್ ಹಾಕಿದೆ.

"ನೋ, ಮಾಯೆಸ್ತ್ರೊ. ದೆರೇಚಾ" ಎಂದರು ಹಿಂದಿನಿಂದ. "ಐಸ್ ಕ್ರೀಮ್."

ಬಲಕ್ಕೆ ತಿರುಗಿಸಿದೆ.