ಎಂಟು ತೂತಿನ ಚಕ್ರ

ನನ್ನ ಹೊಲಿಗೆ ಮೆಷಿನಿನ ಅಡಿಯ ದೊಡ್ಡ ಚಕ್ರವನ್ನು ಅಪ್ಪ ಕಳಚಿಕೊಂಡು ಹೋದದ್ದು ನಾನು ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ. ಒಳಗೆ ಬಂದು ನೋಡಿದರೆ ತೊಗಲಿನ ಬೆಲ್ಟು ನೆಲದ ಮೇಲೆ ಬಿದ್ದಿತ್ತು, ಪೆಡಲು ಯಾವುದಕ್ಕೂ ಸಿಕ್ಕದೆ ಅಲ್ಲಾಡುತ್ತಿತ್ತು. ಒಂದು ಮಾತು ಹೇಳಿ ಹೋಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ ಎಂದು ತಂಗಿ ಈಗಲೂ ಅನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಹೇಳಿದ್ದರೂ ಬರುತ್ತಿತ್ತು. ನನಗೆ ಮೊಮ್ಮಕ್ಕಳಾಗಿವೆ, ಇವತ್ತಿಗೂ ನೆನೆದರೆ ಬರುತ್ತದೆ.

ಕುದ್ರೋಳಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಪ್ಪ ಹಂಚಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬೆಳಿಗ್ಗೆ ಏಳಕ್ಕೆ ಹೊರಟರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಒಳ್ಳೆಯ ಕೆಲಸಗಾರ ಎಂದು ಹೆಸರಿತ್ತು, ಅದನ್ನು ಇಲ್ಲವೆನ್ನಲಾರೆ. ಆದರೆ ಅವರ ತಲೆಯಲ್ಲಿ ಒಂದು ಹುಚ್ಚು ಹೊಕ್ಕಿತ್ತು. ಯಾರೂ ತಳ್ಳದೆ, ಬೆಂಕಿ ನೀರು ಯಾವುದೂ ಬೇಡದೆ, ಬರೀ ಭಾರದಿಂದಲೇ ತಿರುಗುತ್ತಾ ಇರುವ ಒಂದು ಚಕ್ರ ಮಾಡಬೇಕು. ಒಂದು ಬದಿಯ ಗುಂಡುಗಳು ಹೊರಕ್ಕೆ ಸರಿದು ಕೆಳಗೆ ಎಳೆಯಬೇಕು, ಇನ್ನೊಂದು ಬದಿಯವು ಒಳಕ್ಕೆ ಸರಿದು ಹಗುರಾಗಿ ಮೇಲೇರಬೇಕು. ನಮ್ಮ ಸ್ಲೇಟು ಕಸಿದುಕೊಂಡು ಅದರ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದರು. ಸ್ಲೇಟಿನ ಮೇಲೆ ಅದು ಚೆನ್ನಾಗಿಯೇ ತಿರುಗುತ್ತಿತ್ತು.

ಮೊದಲನೆಯದು ಹಳೆಯ ಸೈಕಲ್ಲಿನ ರಿಮ್ಮು. ಅದಕ್ಕೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ನೇತುಹಾಕಿದ್ದರು. ಎರಡು ಸುತ್ತು ಬಂದು, ಹಿಂದೆ ಮುಂದೆ ತೂಗಿ, ನಿಂತಿತು. ಎರಡನೆಯದು ಚಾ ಪೆಟ್ಟಿಗೆಯ ಹಲಗೆಯದು. ಅದರ ಅಚ್ಚಿಗೆ ಅಮ್ಮನ ಲಟ್ಟಣಿಗೆ ಹೋಯಿತು. ಅಮ್ಮ ಆ ವರ್ಷವೆಲ್ಲ ಬಾಟ್ಲಿಯಲ್ಲಿ ಹಪ್ಪಳ ಲಟ್ಟಿಸಿದರು, ಕಮಕ್ ಕಿಮಕ್ ಅನ್ನಲಿಲ್ಲ. ಅಮ್ಮನ ಆ ಮೌನದ ಮೇಲೂ ನನಗೆ ಸಿಟ್ಟುಂಟು.

ಮೆಷಿನು ಅಮ್ಮನ ತವರಿನಿಂದ ಬಂದದ್ದು. ಹನ್ನೆರಡನೆಯ ವಯಸ್ಸಿನಿಂದ ಅದನ್ನು ತುಳಿದವಳು ನಾನು. ಆಗ ನನಗೆ ಹದಿನೇಳು. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಇದ್ದದ್ದು ಬೀಡಿ ಕಟ್ಟುವ ಕೆಲಸ ಒಂದೇ. ಹೊಗೆಸೊಪ್ಪಿನ ಘಾಟಿಗೆ ನನಗೆ ವಾಂತಿ ಬರುತ್ತಿತ್ತು. ಹೊಲಿಗೆ ಕೈಹಿಡಿದರೆ ಬದುಕಿದೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಆಚೆಮನೆಯ ಬ್ಯಾರಿ ಉಮ್ಮ ತಮ್ಮ ಮಗಳ ಮದುವೆಯ ಬಟ್ಟೆ ತಂದುಕೊಟ್ಟರು, ಉದ್ದ ತೋಳಿನ ರವಿಕೆಗಳು, ಅವರ ಮಾತಿನಲ್ಲಿ ಕುಪ್ಪಾಯ, ಒಟ್ಟು ಹನ್ನೆರಡು. ಬ್ಯಾರಿ ಮುಸ್ಲಿಮರ ಮನೆಗಳ ಹೆಂಗಸರು ಗಂಡಸು ಟೈಲರನ ಮುಂದೆ ಅಳತೆಗೆ ನಿಲ್ಲುವವರಲ್ಲ. ಈ ಮದುವೆಯ ಬಟ್ಟೆ ಚಂದವಾದರೆ ಓಣಿಯ ಅಷ್ಟೂ ಮನೆ ನನ್ನ ಬಾಗಿಲಿಗೆ ಬರುತ್ತಿತ್ತು. ಮದುವೆಗೆ ಇನ್ನು ಹದಿನೈದು ದಿನ ಇದ್ದಾಗ ಅಪ್ಪ ಚಕ್ರ ಕಳಚಿದರು.

ಸಂಜೆ ಬಂದವರನ್ನು ಬಾಗಿಲಲ್ಲೇ ಹಿಡಿದೆ.

"ನನ್ನ ಚಕ್ರ ಎಲ್ಲಿ?"

"ಕಾರ್ಖಾನೆಯಲ್ಲಿ ಉಂಟು. ಅದರ ಬೇರಿಂಗು ನೋಡಿದ್ದೀಯಾ ಮಗಾ? ಬೆರಳು ತಾಗಿದರೆ ಸಾಕು, ತಿರುಗ್ತದೆ. ಇಷ್ಟು ವರ್ಷ ಮನೆಯಲ್ಲೇ ಇದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ ನೋಡು."

"ಉಮ್ಮನಿಗೆ ನಾನು ಎಂತ ಹೇಳುವುದು?"

"ಕೈಯಲ್ಲಿ ಹೊಲಿ. ನಿನ್ನ ಅಜ್ಜಿ ಕೈಯಲ್ಲೇ ಹೊಲಿದದ್ದಲ್ವಾ?"

ಮರುದಿನ ಚಕ್ರ ಮನೆಗೆ ಬಂತು. ಅದರ ಅಂಚಿನಲ್ಲಿ ಸುತ್ತಲೂ ಎಂಟು ತೂತು ಕೊರೆದಿದ್ದರು. ಒಂದೊಂದು ತೂತಿಗೆ ಒಂದೊಂದು ಸಣ್ಣ ತಗಡಿನ ಡಬ್ಬಿ ಬಿಗಿದು, ಅದರೊಳಗೆ ಸೈಕಲ್ಲಿನ ಉಕ್ಕಿನ ಗುಂಡು ಹಾಕಿದ್ದರು. ಗುಂಡು ಉರುಳುವುದು ಕಾಣಬೇಕೆಂದು ಡಬ್ಬಿಗೆ ಮುಚ್ಚಳ ಇಲ್ಲ, ಬಾಯಿಯ ಅಂಚನ್ನು ಮಾತ್ರ ಒಳಕ್ಕೆ ಮಡಚಿದ್ದರು. ನನ್ನ ಮೆಷಿನನ್ನು ಮೂಲೆಗೆ ನೂಕಿ, ಪಡುಗಡೆಯ ಕಿಟಕಿಯ ಹತ್ತಿರ ಅದರ ಜಾಗದಲ್ಲೇ ಎರಡು ಮರದ ಕಾಲುಗಳ ನಡುವೆ ಚಕ್ರ ನಿಲ್ಲಿಸಿದರು. ಬೆಳಕು ಚೆನ್ನಾಗಿರುವುದು ಅಲ್ಲಿ ಮಾತ್ರ. ನಾನು ನೆಲದ ಮೇಲೆ ಕೂತು ಕೈಯಲ್ಲಿ ಹೊಲಿಯತೊಡಗಿದೆ.

ಮಾರನೆಯ ದಿನ ಹನ್ನೊಂದು ಗಂಟೆ ದಾಟಿದ್ದೇ ಚಕ್ರ ತಾನಾಗಿ ತಿರುಗಿತು. ನನಗೆ ಒಂದು ಚೂರೂ ಆಶ್ಚರ್ಯವಾಗಲಿಲ್ಲ. ಬೇಸಗೆಯಲ್ಲಿ ಆ ಹೊತ್ತಿಗೆ ಕಡಲಗಾಳಿ ಆ ಕಿಟಕಿಯಿಂದ ನುಗ್ಗುತ್ತದೆ. ಕತ್ತರಿಸಿದ ಬಟ್ಟೆ ಹಾರದ ಹಾಗೆ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಹೊಲಿದವಳು ನಾನು. ಮೇಲಿನ ಡಬ್ಬಿಗಳ ಬಾಯಿ ಕಿಟಕಿಗೆ ನೇರ ಇತ್ತು, ಕೆಳಗಿನವು ಗೋಡೆಯ ಮರೆಯಲ್ಲಿದ್ದವು. ಮತ್ತೆ ತಿರುಗದೆ ಏನು ಮಾಡುತ್ತದೆ?

ಸಂಜೆ ಅಪ್ಪನಿಗೆ ಹೇಳಿದೆ. "ಅಪ್ಪ, ಅದು ತಿರುಗುವುದು ಗಾಳಿಗೆ."

ಅಪ್ಪ ಕಿಟಕಿಯ ಹೊರಗೆ ಕೈ ಚಾಚಿದರು. ಆ ಹೊತ್ತಿಗೆ ಗಾಳಿ ಬಿದ್ದುಹೋಗಿತ್ತು, ತೆಂಗಿನ ಗರಿ ಕೂಡ ಅಲುಗುತ್ತಿರಲಿಲ್ಲ. "ಎಲ್ಲಿ ಉಂಟು ಗಾಳಿ?" ಎಂದು ನಕ್ಕು ಅಮ್ಮನತ್ತ ತಿರುಗಿ, "ಇವಳಿಗೆ ಮೆಷಿನಿನದ್ದೇ ಚಿಂತೆ" ಎಂದರು. ಚಕ್ರ ತಾನಾಗಿ ತಿರುಗಿತ್ತು ಎನ್ನುವುದನ್ನು ಮಾತ್ರ ನನ್ನ ಮಾತಿನಿಂದ ಹೆಕ್ಕಿಕೊಂಡರು. ಸಂಜೆ ನಿಲ್ಲುವುದು ಎಣ್ಣೆ ಗಟ್ಟಿಯಾಗುವುದರಿಂದ ಎಂದು ಅವರೇ ಒಂದು ಕಾರಣ ಹುಡುಕಿದರು. ಆ ಮನೆಯ ಬಾಡಿಗೆ ಕಟ್ಟುವವರು ಅವರು. ಆ ಮನೆಯ ಹಗಲು ಹೇಗಿರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ.

ಶನಿವಾರ ಉಮ್ಮ ಬಂದರು. ಮೂರು ಕುಪ್ಪಾಯ ಮುಗಿದಿತ್ತು. ನನ್ನ ಕೈ ಹಿಡಿದು ಬೆರಳ ತುದಿಗಳನ್ನು ನೋಡಿದರು. ತಮ್ಮ ಮಗಳನ್ನು ಕರೆಯುವ ಹಾಗೆಯೇ, "ಬೇಡ ಮೋಳೇ. ನಿನ್ನಿಂದ ಆಗುವುದಿಲ್ಲ ಅಂತಲ್ಲ, ದಿನ ಇಲ್ಲ" ಎಂದು ಉಳಿದ ಬಟ್ಟೆಯನ್ನು ಮಡಚಿಕೊಂಡು ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಭಾನುವಾರ, ಅಪ್ಪನಿಗೆ ರಜೆ. ಕಾರ್ಖಾನೆಯ ಮೇಸ್ತ್ರಿಯನ್ನೂ ಜೊತೆಯ ನಾಲ್ಕೈದು ಮಂದಿಯನ್ನೂ ಮಧ್ಯಾಹ್ನಕ್ಕೆ ಕರೆದಿದ್ದರು. ಚಕ್ರ ತಿರುಗುತ್ತಿತ್ತು, ಅಪ್ಪ ಕೈಕಟ್ಟಿ ನಿಂತಿದ್ದರು. ಮುಖಕ್ಕೆ ಬಡಿಯುವ ಗಾಳಿ ಅವರಿಗೆ ಗೊತ್ತಾಗಲಿಲ್ಲವೇ? ಗೊತ್ತಾಗದೆ ಏನು. ಬೇಕಾದದ್ದು ಕಣ್ಣೆದುರು ತಿರುಗುತ್ತಿರುವಾಗ ಗಾಳಿಯ ವಿಚಾರ ಯಾರಿಗೆ ಬೇಕು? ಅಮ್ಮ ಎರಡನೇ ಸಲ ಚಾ ತಂದರು. ಮೇಸ್ತ್ರಿ ಮೂಲೆಯಲ್ಲಿದ್ದ ಮೆಷಿನನ್ನು ನೋಡಿ ಕೇಳಿದರು, "ಅದರ ಚಕ್ರವಾ ಇದು?"

"ಹೌದು ಮಾರಾಯ್ರೇ. ಇನ್ನು ಆ ಸ್ಟ್ಯಾಂಡೂ ಬೇಕು. ಇದಕ್ಕಿಂತ ದೊಡ್ಡದು ಒಂದು ಮಾಡ್ಲಿಕ್ಕುಂಟು."

ನಾನು ಎದ್ದೆ. ಗಂಡಸರ ನಡುವಿನಿಂದಲೇ ಹೋಗಿ ಕಿಟಕಿಯ ಎರಡೂ ಬಾಗಿಲು ಹಾಕಿ ಅಗುಳಿ ಜಡಿದೆ.

ಚಕ್ರ ಮೂರು ಸುತ್ತು ಬಂತು. ನಾಲ್ಕನೆಯದು ಪೂರ್ತಿಯಾಗಲಿಲ್ಲ. ಹಿಂದಕ್ಕೆ ತೂಗಿತು, ಮುಂದಕ್ಕೆ ತೂಗಿತು, ನಿಂತಿತು.

"ಈಗ ತಿರುಗಲಿ" ಎಂದೆ.

ಅಪ್ಪ ನನಗೆ ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆಯಲಿಲ್ಲ. ತಾವೇ ಹೋಗಿ ಕಿಟಕಿ ತೆರೆದರು. ಚಕ್ರ ತಿರುಗಿತು. ಮುಚ್ಚಿದರು, ನಿಂತಿತು. ಮತ್ತೊಮ್ಮೆ ತೆರೆದು ಮುಚ್ಚಿದರು. ಕೆಲಸ ಬಲ್ಲವರು, ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಂದವರು ಚಾ ಅರ್ಧಕ್ಕೇ ಬಿಟ್ಟು, ಚಪ್ಪಲಿ ಮೆಟ್ಟಿ ಒಬ್ಬೊಬ್ಬರಾಗಿ ಇಳಿದುಹೋದರು.

ಮರುದಿನ ನಾನು ಏಳುವಾಗ ಚಕ್ರ ಮೆಷಿನಿಗೆ ಸೇರಿತ್ತು. ಬೆಲ್ಟು ಬಿಗಿದಿತ್ತು, ಎಣ್ಣೆ ಬಿಟ್ಟಾಗಿತ್ತು, ಅಪ್ಪ ಕೆಲಸಕ್ಕೆ ಹೊರಟುಹೋಗಿದ್ದರು. ಆಮೇಲೆ ಅವರು ಯಾವ ಚಕ್ರವನ್ನೂ ಮಾಡಲಿಲ್ಲ. ಮದುವೆಯ ಉಳಿದ ಬಟ್ಟೆ ಬಂದರಿನ ಕಡೆಯ ಹೆಂಗಸೊಬ್ಬಳು ಹೊಲಿದಳು, ಓಣಿಯ ಮನೆಗಳೂ ಅವಳಲ್ಲಿಗೇ ಹೋದವು. ನಾನು ಎರಡು ವರ್ಷ ಬೀಡಿ ಕಟ್ಟಿದೆ.

ತೂತುಗಳು ಹೋಗಲಿಲ್ಲ. ಎಂಟರಲ್ಲಿ ಒಂದನ್ನು ತಪ್ಪಿ ದೊಡ್ಡದಾಗಿ ಕೊರೆದಿದ್ದರು, ಅದರ ಎದುರಿನ ಬದಿ ಭಾರವಾಯಿತು. ಕಾಲು ತೆಗೆದರೆ ಚಕ್ರ ತೂಗಿ ತೂಗಿ ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಅಲ್ಲಿಂದ ತುಳಿದರೆ ಹಿಂದಕ್ಕೆ ಹೊರಟು ನೂಲು ಕಡಿಯುತ್ತಿತ್ತು. ಕೈಯಲ್ಲಿ ಒಮ್ಮೆ ತಳ್ಳದೆ ಒಂದು ಹೊಲಿಗೆಯೂ ಶುರುವಾಗುತ್ತಿರಲಿಲ್ಲ. ಬೀಡಿ ಬಿಟ್ಟು ಮತ್ತೆ ಹೊಲಿಯಲು ಕೂತ ಮೇಲೂ, ಹಾಗೇ ತಳ್ಳಿ ತಳ್ಳಿಯೇ ಹೊಲಿದೆ.

ಕೆಲಸ ಬಿಟ್ಟ ಮೇಲೆ ಅಪ್ಪ ಹಗಲೆಲ್ಲ ಆ ಕಿಟಕಿಯ ಹತ್ತಿರವೇ ಕೂರುತ್ತಿದ್ದರು. ಒಂದು ದಿನ ನೂಲು ಮೂರನೇ ಸಲ ಕಡಿದಾಗ ಎದ್ದು ಬಂದು ಚಕ್ರದ ಕಡೆಗೆ ಕೈ ಚಾಚಿದರು.

"ಬೇಡ ಅಪ್ಪ" ಎಂದೆ. "ನಾನೇ ತಳ್ಳಿಕೊಳ್ತೇನೆ."