ಕೆಟಲಿನ ಮೊದಲ ನೀರು

ನನ್ನ ಪಕ್ಕದ ಮನೆಯ ವಿಲ್ಫ್ ಮಿಡ್ಗ್ಲಿ ಯಾರ್ಕ್‌ಶೈರಿನ ಉಣ್ಣೆ ಗಿರಣಿಯಲ್ಲಿ ದುಡಿದು ಸವೆದವನು. ಅದಕ್ಕೂ ಮೊದಲು ಇಟಲಿಯ ಯುದ್ಧದಲ್ಲಿ ಲೀ-ಎನ್‌ಫೀಲ್ಡ್ ಬಂದೂಕು ಹೊತ್ತವನು. ಆ ಕಾಲದ ಗುಂಡು ಹಾರಿದ ಮೇಲೆ ನಳಿಗೆಯೊಳಗೆ ಉಪ್ಪಿನಂಥ ಮಸಿ ಕೂರುತ್ತಿತ್ತು. ಕುದಿನೀರು ಸುರಿದು ತೊಳೆಯದಿದ್ದರೆ ತುಕ್ಕು ಗ್ಯಾರಂಟಿ. ಹಾಗಾಗಿ ಎಷ್ಟೇ ದಣಿದಿದ್ದರೂ ಕೆಟಲಿನ ಮೊದಲ ನೀರು ಬಂದೂಕಿಗೆ, ಆಮೇಲೆ ಟೀಗೆ. ಎಂಥ ದರಿದ್ರ ನಿಯಮ!

ಒಂದು ಸಂಜೆ ಬೆಟ್ಟ ಇಳಿದು ಬಂದಾಗ ಗೆಳೆಯ ಇನಕ್ ಕೆಸರಲ್ಲೇ ಕುಸಿದು ಕೂತ.

"ಲೋ ವಿಲ್ಫ್, ಇವತ್ತೊಂದಿನ ಆ ಕಬ್ಬಿಣದ ಹೆಂಡ್ತಿ ಬಾಯಾರ್ಕೊಂಡಿರ್ಲಿ. ನಂಗೊಂದು ಲೋಟ ಟೀ ಕೊಡೋ."

"ಸುಮ್ನಿರೋ, ಸಾರ್ಜೆಂಟ್ ಚರ್ಮ ಸುಲೀತಾನೆ," ಎಂದು ವಿಲ್ಫ್ ಇದ್ದ ನೀರನ್ನೆಲ್ಲ ಇಬ್ಬರ ಬಂದೂಕಿಗೂ ಸುರಿದ. ಟೀಗೆಂದು ಮತ್ತೆ ಇಟ್ಟ ನೀರು ಕುದಿಯುವ ಮೊದಲೇ ಶೆಲ್ ಬಿತ್ತು. ಇನಕ್ ಹೋದ.

ಮೊನ್ನೆ ನಮ್ಮೂರ ಮಾಜಿ ಸೈನಿಕರ ಕ್ಲಬ್ಬಿನ ಗೋಡೆಗೆ ವಿಲ್ಫ್‌ನ ದಳದ್ದೇ ಒಂದು ಹಳೇ ಬಂದೂಕು ತೂಗುಹಾಕಿದರು. ಹೊರಗೆಲ್ಲ ಪಾಲಿಶು, ಫಳಫಳ. ವಿಲ್ಫ್ ಅದನ್ನು ಇಳಿಸಿ, ಹಿಂಬದಿಯ ಬೋಲ್ಟ್ ತೆಗೆದು, ದೀಪಕ್ಕೆ ಹಿಡಿದು ನಳಿಗೆಯೊಳಗೆ ಇಣುಕಿದ. ಒಳಗೆಲ್ಲ ತುಕ್ಕು.

"ಏನಜ್ಜ, ಹಳೇ ಹೆಂಡ್ತಿ ಗುರ್ತು ಸಿಕ್ಲಾ?" ಎಂದು ಬಾರಿನವ ನಕ್ಕ.

ವಿಲ್ಫ್ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

"ಇನಕ್‌ನ ಟೀ ಕುಡಿದೂ ತುಕ್ಕು ಹಿಡಿದ್ಯಲ್ಲೇ, ಮುಂಡೇದೆ."