ದೂರು ಪುಸ್ತಕದ ಹಾಳೆ

ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಗದಗಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ, ನಾನು ದೂರು ಪುಸ್ತಕ ತೆರೆದು ಬರೆದೆ: ‘ಎಣ್ಣೆ ಡಬ್ಬಿ ಇಳಿಸಿಕೊಡಲು ಕರೆದರೆ ಯಾರೂ ಬರುವುದಿಲ್ಲ.’ ಏಳಕ್ಕೆ ಮುಂಡರಗಿ ಬಸ್ಸಿದೆಯೆಂದು ಅದಕ್ಕೂ ಮೊದಲು ಎರಡು ಸಲ ಕೂಗಿದ್ದೆ. ಇಡೀ ಅಂಗಡಿಗೆ ಇದ್ದವಳು ಒಬ್ಬಳೇ ಕೆಲಸದವಳು. ಬಿಲ್ಲೂ ಅವಳೇ ಮಾಡಬೇಕು. ನಾನು ಬರೆಯುವುದನ್ನು ಕಂಡು ಅವಳು ಕೌಂಟರ್ ಬಿಟ್ಟು ಓಡಿ ಬಂದಳು. ಏಣಿ ಹಿಂದಿನ ಕೋಣೆಯಲ್ಲಿತ್ತು. ಅದನ್ನು ತರಲು ಹೋಗದೆ ಕಪಾಟಿನ ಕೆಳಹಲಗೆಗೇ ಕಾಲಿಟ್ಟು ಹತ್ತಿದಳು. ಕಪಾಟು ಡಬ್ಬಿಗಳ ಸಮೇತ ಅವಳ ಮೇಲೆ ಬಿತ್ತು.

ಬಿಲ್ಲಿನ ಸಾಲಿನಲ್ಲಿದ್ದ ಒಬ್ಬರು, ‘ಒಂದ್ ಡಬ್ಬಿ ಇಳಸಾಕ ಬರೂದಿಲ್ಲ, ಮತ್ತ ಪಗಾರ ಸಾಲೂದಿಲ್ಲ ಅಂತಾರ’ ಎಂದರು. ಇನ್ನಿಬ್ಬರು ಬಂದು ನನ್ನೊಡನೆ ಕಪಾಟು ಎತ್ತಿದರು. ಅವಳ ತಲೆಯಿಂದ ಗೇಣು ದೂರದಲ್ಲಿ ಡಬ್ಬಿಯೊಂದು ಒಡೆದು ಎಣ್ಣೆ ಹರಿಯುತ್ತಿತ್ತು. ಕೈ ಮುರಿದಿತ್ತು. ಅವಳು ನೋವಿನ ಮಾತೆತ್ತಲಿಲ್ಲ.

‘ಅಕ್ಕಾರ, ಆ ಹಾಳಿ ಹರದ ಬಿಡ್ರಿ. ಮಾಲಕರು ಓದಿದ್ರ ನಾಳಿಂದ ಬರಬ್ಯಾಡ ಅಂತಾರ.’

ಹರಿದೆ. ಆದರೆ ಅಂದಿನಿಂದ ರಾತ್ರಿ ಕಣ್ಣು ಮುಚ್ಚಿದರೆ ಕಪಾಟು ಬಾಗುವುದೇ ಕಾಣುತ್ತಿತ್ತು. ಅವಳನ್ನು ಕೆಲಸದಿಂದ ತೆಗೆದರೇನೋ ಎಂದು ಪ್ರತಿ ವಾರ ಹೋಗಿ ನೋಡುತ್ತಿದ್ದೆ. ಕೌಂಟರಿನ ಹಿಂದೆ ಬೇರೆಯವರು ನಿಂತಿರುತ್ತಿದ್ದರು.

ಎರಡು ತಿಂಗಳಾದ ಮೇಲೆ, ಒಂದು ಸೋಮವಾರ, ಅವಳೇ ನಿಂತಿದ್ದಳು.

‘ಇವತ್ತ ಬಸ್ಸಿಗೆ ಅವಸರ ಇಲ್ಲೇನ್ರಿ ಅಕ್ಕಾರ?’ ಎಂದು ಕೇಳಿದಳು.

ಇಲ್ಲವೆಂದೆ, ಸಾಲಿನ ಕೊನೆಗೆ ಹೋಗಿ ನಿಂತೆ. ಆ ರಾತ್ರಿ ಮಲಗಿದ ನನಗೆ ಬೆಳಗಿನವರೆಗೆ ಎಚ್ಚರವಾಗಲಿಲ್ಲ.